ಫ್ರಾನಿ ಗೈರುಹಾಜರಾದ ದಿನ

"ಏ ಪುಟ್ಟಿ, ನಿಲ್ಲು ನಿಲ್ಲು! ಇವತ್ತೂ ಸ್ಕೂಲಿಗೆ ಹೊರಟಿದ್ದೀಯಲ್ಲ?"

ಮಕ್ಕಳಿಗೆ ರಸ್ತೆ ದಾಟಿಸುವ ಕ್ಲಿಯೋಫಸ್ ತಾತ ಕೈಯಲ್ಲಿದ್ದ 'ಸ್ಟಾಪ್' ಬೋರ್ಡನ್ನು ಫ್ರಾನಿಯ ಮುಂದೆಯೇ ಅಡ್ಡ ಹಿಡಿದುಬಿಟ್ಟರು.

"ಹೌದು ತಾತ, ಯಾಕೆ?"

"ಯಾಕಂತೆ! ನಿಮ್ಮ ಯಹೂದಿಗಳ ಹೊಸವರ್ಷ ಅಲ್ವೇನೇ ಇವತ್ತು? ನಿಮ್ಮಪ್ಪ ನಿನ್ನೆ ಅಂಗಡಿ ಬಾಗಿಲಿಗೆ ಚೀಟಿ ಅಂಟಿಸ್ತಿದ್ದ, ನೋಡ್ದೆ."

"ಲೇಟಾಗುತ್ತೆ ಬಿಡಿ ತಾತ," ಎಂದು ಫ್ರಾನಿ ಬೋರ್ಡಿನ ಕೆಳಗೆ ನುಸುಳಿ ಓಡಿದಳು.

ಲೇಟೇನೂ ಆಗಿರಲಿಲ್ಲ. ಆದರೆ ಈ ಮಾತು ಅವಳಿಗೆ ಬೇಕಿರಲಿಲ್ಲ. ಮಿಸಿಸಿಪ್ಪಿಯ ಆ ಪುಟ್ಟ ಹಾರ್ಲನ್ ಊರಿನ ಶಾಲೆಯಲ್ಲಿ, ವರ್ಷವಿಡೀ ಒಂದು ದಿನವೂ ತಪ್ಪಿಸದೆ ಬಂದವರಿಗೆ ನೀಲಿ ರಿಬ್ಬನ್ನಿನ ಪದಕ ಕೊಡುತ್ತಿದ್ದರು. ಕಳೆದ ವರ್ಷ ಇದೇ ಹಬ್ಬಕ್ಕೆ ರಜೆ ಹಾಕಿದ್ದರಿಂದ ಫ್ರಾನಿಗೆ ಅದು ಕೈತಪ್ಪಿತ್ತು. ಗೆಳತಿ ಲೂ ಆನ್ ಅದನ್ನು ಕೊರಳಿಗೆ ಹಾಕಿಕೊಂಡು ಒಂದು ವಾರ ಮೆರೆದಿದ್ದಳು.

ನಿನ್ನೆ ಫ್ರಾನಿ ಅಪ್ಪನಿಗೆ ಹೇಳಿಬಿಟ್ಟಿದ್ದಳು. "ಈ ಸಲ ನಾನು ಸಿನಗಾಗಿಗೆ ಬರಲ್ಲಪ್ಪ. ಅಲ್ಲಿ ಪ್ರಾರ್ಥನೆಗೆ ಬರೋರೆಲ್ಲ ಅಜ್ಜಿ ತಾತಂದಿರೇ. ಮಾತಾಡೋಕೆ ಒಂದು ಮಗುವೂ ಇಲ್ಲ."

"ಹತ್ತು ವರ್ಷ ಆಯ್ತು ನಿಂಗೆ. ನೀನೇ ಯೋಚನೆ ಮಾಡು," ಅಂದರು ಅಪ್ಪ, ಅಷ್ಟೆ. ಬೈದಿದ್ದರೆ ಜಗಳವನ್ನಾದರೂ ಆಡಬಹುದಿತ್ತು!

ಕ್ಲಾಸಿನೊಳಗೆ ಕಾಲಿಟ್ಟಳೋ ಇಲ್ಲವೋ, ಲೂ ಆನ್ ಕಣ್ಣರಳಿಸಿದಳು.

"ಲೇ, ನೀನ್ಯಾಕೆ ಬಂದೆ? ನಿಮ್ಮ ಹಬ್ಬ ಅಲ್ವಾ? ಹಬ್ಬದ ಮಾರನೇ ದಿನ ನೀನು ತರೋ ಜೇನಿನ ಕೇಕ್ ಇದೆಯಲ್ಲ, ಅದು ತಾನೇ ನಂಗೆ ಹಬ್ಬ!"

"ಸುಮ್ನಿರೇ," ಎಂದಳು ಫ್ರಾನಿ.

ಟಾಲಿವರ್ ಮೇಡಂ ಹಾಜರಿ ಕೂಗಿದರು. ಒಂದೊಂದೇ ಹೆಸರು ಬಂತು, ಹೋಯಿತು. ಫ್ರಾನಿಯ ಹೆಸರು ಬರಲೇ ಇಲ್ಲ.

"ಮೇಡಂ, ನನ್ನ ಹೆಸರು?"

ಮೇಡಂ ತಲೆಯೆತ್ತಿದರು. "ಅಯ್ಯೋ, ನೀನು ಬಂದಿದ್ದೀಯಾ! ನಿನ್ನೆ ಸಂಜೆನೇ 'ಗೈರುಹಾಜರಿ' ಅಂತ ಬರೆದಿಟ್ಟೆನಲ್ಲ, ಅದೂ ಇಂಕಲ್ಲಿ! ನೀನಿರಲ್ಲ ಅಂತ ಸ್ಪೆಲಿಂಗ್ ಟೆಸ್ಟನ್ನೂ ನಾಳೆಗೆ ಹಾಕಿದ್ದೀನಿ."

"ಥ್ಯಾಂಕ್ಸ್ ಫ್ರಾನೀ!" ಎಂದು ಹಿಂದಿನ ಬೆಂಚಿನವರು ಕೂಗಿದರು. ಕ್ಲಾಸೆಲ್ಲ ನಕ್ಕಿತು. ಫ್ರಾನಿಗೆ ಮಾತ್ರ ನಗು ಬರಲಿಲ್ಲ.

ಮೇಡಂ ಮಕ್ಕಳಿಗೆ ಲೆಕ್ಕ ಕೊಟ್ಟು ಅವಳ ಪಕ್ಕ ಬಂದು ಕುಳಿತರು. "ನಿಮ್ಮಪ್ಪನೂ ನನ್ನ ಕ್ಲಾಸಲ್ಲೇ ಓದಿದ್ದು, ಗೊತ್ತಾ? ಆ ಕಿಟಕಿ ಸಾಲಲ್ಲಿ ಕೂರ್ತಿದ್ದ. ಹಿಂದೆ ಬರ್ನಿ, ರೂತ್, ಸೋಲ್. ಈ ಹಬ್ಬ ಬಂತು ಅಂದ್ರೆ ಆ ಸಾಲು ಪೂರಾ ಖಾಲಿ. ಮೇನ್ ರೋಡಲ್ಲಿ ನಿಮ್ಮೋರದೇ ಎಂಟು ಅಂಗಡಿ. ಎಲ್ಲ ಬಂದ್! ಅವತ್ತು ಅಂಗಿಗೆ ಒಂದು ಗುಂಡಿ ಬೇಕು ಅಂದ್ರೂ ಸಿಗ್ತಿರಲಿಲ್ಲ ಈ ಊರಲ್ಲಿ."

"ಅವರೆಲ್ಲ ಈಗ ಎಲ್ಲಿದ್ದಾರೆ ಮೇಡಂ?"

"ಒಬ್ರು ಅಟ್ಲಾಂಟಾ, ಒಬ್ರು ಹ್ಯೂಸ್ಟನ್. ನಿಮ್ಮಪ್ಪ ಇಲ್ಲೇ ಇದ್ದಾನೆ." ಮೇಡಂ ಹಾಜರಿ ಪುಸ್ತಕ ತೆರೆದು ಕೇಳಿದರು, "ಬ್ಲೇಡಿದೆ, ಇಂಕನ್ನ ಕೆರೆದು ತೆಗೀಬಹುದು. ತೆಗೀಲಾ?"

ಫ್ರಾನಿ ಕಿಟಕಿಯಿಂದ ಹೊರಗೆ ನೋಡಿದಳು. ಮೇನ್ ರೋಡಿನಲ್ಲಿ ಎಲ್ಲ ಅಂಗಡಿಗಳೂ ತೆರೆದಿದ್ದವು. ಅಪ್ಪನ ಚಪ್ಪಲಿ ಅಂಗಡಿ ಒಂದೇ ಮುಚ್ಚಿತ್ತು. ಬಾಗಿಲಿನ ಮೇಲೆ ಆ ಬಿಳಿ ಚೀಟಿ.

"ಬೇಡ ಮೇಡಂ," ಎಂದಳು. "ಹಾಗೇ ಇರ್ಲಿ."

ಸಿನಗಾಗಿಗೆ ಹೊರಟ ಅವಳ ಜೊತೆಗೆ ಮೇಡಂ ಕ್ಲಿಯೋಫಸ್ ತಾತನನ್ನು ಕಳಿಸಿದರು. "ನಾನು ಆಗ್ಲೇ ಬೋರ್ಡ್ ಹಿಡ್ದು ನಿಲ್ಸಿದ್ನಲ್ಲಮ್ಮ!" ಎಂದು ತಾತ ದಾರಿಯುದ್ದಕ್ಕೂ ರೇಗಿಸಿದರು. ಒಂದು ಕಾರೂ ಇಲ್ಲದ ಕಡೆಯಲ್ಲೂ ಬೋರ್ಡು ಎತ್ತಿ ಹಿಡಿದು ಅವಳನ್ನು ರಾಣಿಯಂತೆ ದಾಟಿಸಿದರು.

ಸಿನಗಾಗಿನ ದೊಡ್ಡ ಬಾಗಿಲು ಕಿರ್ರೆಂದಿತು. ಇನ್ನೂರು ಜನ ಕೂರುವ ಜಾಗ. ಅಲ್ಲಿದ್ದವರು ಹನ್ನೊಂದು ಜನ. ಹನ್ನೊಂದು ತಲೆಗಳೂ ಹಿಂದಕ್ಕೆ ತಿರುಗಿದವು. ಮುಂದೆ ನಿಂತು ಪ್ರಾರ್ಥನೆ ನಡೆಸುತ್ತಿದ್ದ ಅಪ್ಪ ಅರ್ಧ ಸಾಲಿಗೇ ನಿಲ್ಲಿಸಿದರು.

ಫ್ರಾನಿ ಅವಸರದಲ್ಲಿ ಕೂರಲು ಹೋಗಿ ಪ್ರಾರ್ಥನೆಯ ಪುಸ್ತಕಕ್ಕೆ ಕೈ ತಾಗಿಸಿದಳು. ಅದು ಧೊಪ್ಪೆಂದು ನೆಲಕ್ಕೆ ಬಿತ್ತು. ಸದ್ದು ಗೋಡೆಯಿಂದ ಗೋಡೆಗೆ ಹಾರಿತು.

ಅವಳು ಪುಸ್ತಕವನ್ನು ಎತ್ತಿಕೊಂಡು ಮುತ್ತಿಟ್ಟು, "ಸಾರಿ," ಎಂದು ಪಿಸುಗುಟ್ಟಿದಳು.

"ಯಾಕಮ್ಮ ಸಾರಿ?" ಪಕ್ಕದ ಏಬ್ ತಾತ ಅವಳತ್ತ ಬಾಗಿದರು. ಊರಿನಲ್ಲಿ ಅವರಿಗಿಂತ ಹಿರಿಯರಿರಲಿಲ್ಲ. "ನಿಮ್ಮಪ್ಪ ಚಿಕ್ಕೋನಿದ್ದಾಗ ಇಲ್ಲಿ ನಲವತ್ತು ಮಕ್ಕಳು. 'ಸುಮ್ನಿರ್ರೋ, ಸುಮ್ನಿರ್ರೋ' ಅಂತ ಗದರಿ ಗದರಿ ನನ್ನ ಗಂಟಲು ಕಟ್ಟೋಗಿತ್ತು. ಎಷ್ಟು ವರ್ಷ ಆಯ್ತೋ, ಇಲ್ಲಿ ಯಾರನ್ನಾದ್ರೂ ಗದರಿ!"

ಅವರು ನಗುತ್ತಿದ್ದರು. ಆದರೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಅಪ್ಪ ಹಾಡು ಶುರು ಮಾಡಿದರು. ಹಿರಿಯರ ದನಿಗಳು ಸಣ್ಣಗೆ ನಡುಗುತ್ತಾ ಸೇರಿಕೊಂಡವು. ಫ್ರಾನಿಯೂ ಎದ್ದು ನಿಂತು ಹಾಡಿದಳು. ರಾಗ ತಪ್ಪಿ ದನಿ ಎತ್ತಲೋ ಹೋಯಿತು. ಮುಂದಿನ ಸಾಲಿನ ಪರ್ಲ್ ಅಜ್ಜಿ ಹಾಡುವುದನ್ನು ಬಿಟ್ಟು ಆ ಎಳೆಯ ದನಿಗೆ ಕಿವಿಗೊಟ್ಟರು. ಆಮೇಲೆ ಏಬ್ ತಾತನೂ ಹಾಗೇ ನಿಂತರು.

ಎಲ್ಲರೂ ತನ್ನ ದನಿಯನ್ನೇ ಕೇಳುತ್ತಿದ್ದಾರೆ ಎಂದು ಫ್ರಾನಿಗೆ ಗೊತ್ತಾಯಿತು. ಮುಖ ಕೆಂಪಾಯಿತು.

ಒಮ್ಮೆ ಜೋರಾಗಿ ಉಸಿರೆಳೆದುಕೊಂಡು, ಮುಂದಿನ ಸಾಲನ್ನು ಇನ್ನೂ ಗಟ್ಟಿಯಾಗಿ ಹಾಡಿದಳು.