ಮುಖವಾಡದ ವೀರ ಎಡವಿದ ಪುಟ

"ಇದನ್ನ ಬರೆದವರು ಯಾರು?"

ಸಿನಿಮಾದ ಚಿತ್ರಕಥೆ ಬರೆಯುವ ಕೋಣೆಯಲ್ಲಿ ನಗು ಥಟ್ಟನೆ ನಿಂತಿತು. ಬಾಗಿಲಲ್ಲಿದ್ದವಳು ಕರಡಿನ ಹಾಳೆಗಳನ್ನು ಎತ್ತಿ ತೋರಿಸಿದಳು.

"ನಾನೇ," ಎಂದು ಕಿಟಕಿ ಪಕ್ಕದ ಬರಹಗಾರ ಎದ್ದು ನಿಂತ.

"ಮುಖವಾಡದ ವೀರ ತನ್ನ ಮೇಲಂಗಿ ತಾನೇ ತುಳಿದು ಮೆಟ್ಟಿಲಿಂದ ಉರುಳ್ತಾನಾ? ಮೂವತ್ತು ವರ್ಷ ಕಣ್ಣು ಸವೆಸಿ ಅವನನ್ನ ಬರೆದವರು ನಮ್ಮಪ್ಪ! ಅವರು ಹೋಗಿ ಎರಡು ತಿಂಗಳಾಗಿಲ್ಲ... ನಿಮಗೆ ತಮಾಷೆನಾ?"

"ಬೇರೆ ಬರೆದು ಕಳಿಸ್ತೀನಿ," ಎಂದಷ್ಟೇ ಅವನು ಹೇಳಿದ.

ಅವಳು ಹಾಳೆಗಳನ್ನು ಚೀಲಕ್ಕೆ ತುರುಕಿಕೊಂಡು ಹೊರಟುಬಿಟ್ಟಳು.

ಓದಿ ಬಿಸಾಡುವ ಅಗ್ಗದ ಕಾಮಿಕ್ಸ್ ಎಂದು ಜನ ಮೂಗು ಮುರಿಯುತ್ತಿದ್ದ ಪುಸ್ತಕಗಳು ವೀರನವು; ಅವೇ ಈಗ ಸಿನಿಮಾ ಆಗುತ್ತಿದ್ದವು. ಅಪ್ಪ ಚಿತ್ರ ಬರೆದರೆ, ಅದರೊಳಗಿನ ಮಾತುಗಳನ್ನು ಅಂದವಾಗಿ ಬರೆಯುತ್ತಿದ್ದವಳು ಅವಳು. ಹನ್ನೆರಡನೇ ವಯಸ್ಸಿನಿಂದಲೂ! ಅಂಥ ಅಪ್ಪ ಆಸ್ಪತ್ರೆಯಲ್ಲಿ ಕಣ್ಣು ಮುಚ್ಚಿದ ಮಧ್ಯಾಹ್ನ ಅವಳು ಪ್ರೆಸ್ಸಿನ ಕೆಲಸದಲ್ಲಿದ್ದಳು.

'ಒಬ್ಬರೇ ಹೋದರಲ್ಲ...' ಆ ಕೊರಗು ಅವಳನ್ನು ಒಳಗೊಳಗೇ ತಿನ್ನುತ್ತಿತ್ತು.

ವಾರದೊಳಗೆ ಬರಹಗಾರನಿಂದ ಹೊಸ ಕರಡು ಬಂತು. ವೀರ ಈಗ ಬೀಳುವುದಿಲ್ಲ, ನಗುವುದೂ ಇಲ್ಲ. ಪುಟಪುಟವೂ ಗಂಭೀರ. ಆದರೆ ಅದರಲ್ಲಿ ಅಪ್ಪನೇ ಇರಲಿಲ್ಲ!

ಹೋಲಿಸಿ ನೋಡಲು ಹಳೆಯ ಕರಡು ಬಿಡಿಸಿದಳು. ಎರಡನೇ ಹಾಳೆಯ ಅಂಚಿನಲ್ಲಿ, ಅಂದು ಕೋಪದಲ್ಲಿ ಕಣ್ಣಿಗೆ ಬೀಳದಿದ್ದ ಪೆನ್ಸಿಲ್ಲಿನ ಅಕ್ಷರಗಳು ಕಂಡವು. ಗೆರೆ ನಡುಗಿದ್ದರೂ ಅವಳು ಗುರುತಿಸದೇ ಇರುತ್ತಾಳೆಯೇ?

'ಇಲ್ಲಿ ಚೆನ್ನಾಗಿ ಬೀಳಲಿ. ಏಳುವಾಗ ಮಾತ್ರ ಯಾರೂ ನಗಬಾರದು.'

ಅಪ್ಪನ ಕೈಬರಹ!

ಅವಳು ಮತ್ತೆ ಆ ಕೋಣೆಗೆ ಓಡಿದಳು. ಬರಹಗಾರ ಒಬ್ಬನೇ ಕೂತಿದ್ದ.

"ನೀವು ಆಸ್ಪತ್ರೆಗೆ ಹೋಗ್ತಿದ್ರಾ?"

"ಮೂರು ವಾರ. ಬರೆದಿದ್ದನ್ನ ಮಧ್ಯಾಹ್ನ ಓದಿ ಹೇಳ್ತಿದ್ದೆ... ಕೊನೇ ದಿನಾನೂ."

"ಅವತ್ತೇ ಯಾಕೆ ಹೇಳಲಿಲ್ಲ?"

"ಹೇಳಿದ್ರೆ, ನೀವಿರಲಿಲ್ಲ ನಾನಿದ್ದೆ ಅಂತ ಚುಚ್ಚಿದ ಹಾಗಾಗ್ತಿತ್ತು. ಅದಕ್ಕಿಂತ ನಿಮ್ಮ ಬೈಗುಳಾನೇ ವಾಸಿ ಅನ್ನಿಸ್ತು."

ಅವಳು ಕುರ್ಚಿ ಎಳೆದುಕೊಂಡು ಕೂತಳು. "ಕೊನೇಲಿ... ಏನಂದ್ರು?"

ಸುಳ್ಳು ಹೇಳಲು ಅವನಿಗೆ ಮನಸ್ಸು ಬರಲಿಲ್ಲ. "ನಿಮ್ಮನ್ನ ಕೇಳಿದ್ರು. ಎರಡು ಸಲ. ಪ್ರೆಸ್ಸಿಗೆ ಫೋನ್ ಮಾಡಿಸ್ದೆ, ಯಾರೂ ಎತ್ತಲಿಲ್ಲ. ಆಮೇಲೆ ವೀರ ಬೀಳೋದನ್ನ ಓದು ಅಂದ್ರು. ನಕ್ಕರು... ಕೆಮ್ಮು ಬಂತು. ನಾನು ಕೈ ಹಿಡ್ಕೊಂಡೇ ಇದ್ದೆ."

ಎರಡು ತಿಂಗಳಿಂದ ಕಟ್ಟಿಕೊಂಡಿದ್ದ ಅಳು ಒಮ್ಮೆಲೇ ಒಡೆಯಿತು. ಅಪ್ಪ ಒಬ್ಬರೇ ಹೋಗಲಿಲ್ಲ... ಆದರೂ ತಾನಿರಲಿಲ್ಲವಲ್ಲ!

ಅಳು ಇಳಿದ ಮೇಲೆ ಮೆಲ್ಲಗೆ ಕೇಳಿದಳು, "ಯಾವ ಕೈ?"

ಅವನು ಬಲಗೈ ಚಾಚಿದ. ಅವಳು ಎರಡೂ ಕೈಗಳಲ್ಲಿ ಅದನ್ನು ಹಿಡಿದುಕೊಂಡಳು.

"ನಾನು ವಾರ್ಡಿಂದ ಹೊರಡೋ ಹೊತ್ತಿಗೆ ನೀವು ಓಡೋಡಿ ಬರ್ತಿದ್ರಿ, ಬೆರಳ ತುಂಬ ಶಾಯಿ. ಮಾತಾಡ್ಸೋಕೆ ಧೈರ್ಯ ಬರ್ತಿರಲಿಲ್ಲ."

"ಈಗ ಬಂತಾ?"

"ಇಲ್ಲ. ಆದ್ರೂ ಹೇಳ್ತೀನಿ... ನೀವಂದ್ರೆ ನಂಗೆ ಪ್ರಾಣ."

ಅವಳು ಹಿಡಿದ ಕೈಯನ್ನೇ ನೋಡಿದಳು.

"ನಂಗೆ ಈಗ್ಲೇ ನಗೋಕಾಗಲ್ಲ ಕಣ್ರೀ..."

"ನಗಬೇಡಿ. ಕಾಯ್ತೀನಿ."

"ಕೈ ಮಾತ್ರ ಬಿಡಬೇಡಿ."

"ಬಿಡಲ್ಲ."