ಮಂತ್ರವಾದಿ ಎರೆದ ಸಕ್ಕರೆ ಆನೆ

ಬಹಳ ಬಹಳ ಹಿಂದೆ, ಕತ್ತೆಗಳು ಕೂಡ ಸುಳ್ಳು ಹೇಳಲು ನಾಚುತ್ತಿದ್ದ ಕಾಲದಲ್ಲಿ, ಏಳುಕೆರೆ ಎಂಬ ಒಂದು ರಾಜ್ಯವಿತ್ತು. ಸಂಕ್ರಾಂತಿ ಬಂತೆಂದರೆ ಅಲ್ಲಿ ಮನೆಮನೆಯಲ್ಲೂ ಕೊಬ್ಬರಿ, ಬೆಲ್ಲ ಹೆಚ್ಚುವ ಸದ್ದು. ಅದಕ್ಕೆ ಎಳ್ಳು, ಹುರಿಗಡಲೆ, ಕಡಲೆಬೀಜ ಬೆರೆಸಿ, ಮೇಲೊಂದು ಸಕ್ಕರೆ ಅಚ್ಚು ಇಟ್ಟು, ಬಟ್ಟಲು ತುಂಬಿ ನೆರೆಮನೆಗೆ ಕೊಡುತ್ತಿದ್ದರು. ಆ ಬಟ್ಟಲನ್ನು ಖಾಲಿ ಹಿಂದಿರುಗಿಸುವಂತಿರಲಿಲ್ಲ. ತಮ್ಮ ಕೈಯಾರೆ ಮಾಡಿದ್ದೇನಾದರೂ ಹಾಕಿಯೇ ಕೊಡಬೇಕು. ಕೊಡದವರ ಬಾಯಿಗೆ ಮುಂದಿನ ತುತ್ತು ಹೋಗುತ್ತಿರಲಿಲ್ಲ, ಹಲ್ಲು ಕಚ್ಚಿಕೊಂಡುಬಿಡುತ್ತಿತ್ತು. ಮಾತಿಗೆ ಮಾತ್ರ ಏನೂ ಅಡ್ಡಿಯಿರಲಿಲ್ಲ. ಇದು ಆ ಮಣ್ಣಿನ ಗುಣ. ರಾಜನೇ ಒಮ್ಮೆ ಮೈಮರೆತು, ಎರಡು ದಿನ ಉಪವಾಸವಿದ್ದು, ಕೊನೆಗೆ ತಾನೇ ಕಟ್ಟಿದ ಒಂದು ಸೊಟ್ಟ ಹೂಮಾಲೆ ಕೊಟ್ಟು ಬಚಾವಾಗಿದ್ದ.

ಆ ಊರಿನಲ್ಲಿ ಚೆನ್ನಬ್ಬೆ ಎಂಬ ಹುಡುಗಿ ಇದ್ದಳು. ಸಕ್ಕರೆ ಅಚ್ಚು ಎರೆಯುವುದರಲ್ಲಿ ಅವಳದು ಎತ್ತಿದ ಕೈ. ಸಕ್ಕರೆ ಎರೆಯಲು ಬೇಕಾದ ಮರದ ಅಚ್ಚುಗಳನ್ನು ಕೆತ್ತುವವನು ಅವಳ ತಮ್ಮ ಮಲ್ಲಣ. ಅಪ್ಪ ಅಮ್ಮ ಇಲ್ಲದ ಅವರಿಗೆ ಒಬ್ಬರಿಗೊಬ್ಬರೇ ದಿಕ್ಕು.

ಮಲ್ಲಣನ ಕೈ ಚುರುಕು, ಬುದ್ಧಿ ತುಸು ತರಲೆ. ಆ ವರ್ಷ ಅವನು ಕರಿಗುಡ್ಡದ ಮಂತ್ರವಾದಿ ಬೂದಿಜಟನ ಮುಖವನ್ನೇ ಅಚ್ಚಾಗಿ ಕೆತ್ತಿದ. ಮೂಗನ್ನು ಇದ್ದದ್ದಕ್ಕಿಂತ ಎರಡು ಪಟ್ಟು ದೊಡ್ಡದು ಮಾಡಿದ. ಊರ ಮಕ್ಕಳೆಲ್ಲ ಸಕ್ಕರೆ ಮಂತ್ರವಾದಿಯ ಮೂಗನ್ನೇ ಮೊದಲು ಕಚ್ಚಿ ತಿಂದರು. ಸುದ್ದಿ ಕರಿಗುಡ್ಡಕ್ಕೆ ಮುಟ್ಟಿತು.

ಹಬ್ಬದ ಬೆಳಿಗ್ಗೆ ಬೂದಿಜಟ ಹದ್ದಿನ ಮೇಲೆ ಕೂತು ಬಂದ. ಮಲ್ಲಣನನ್ನು ಅಂಗೈಯಗಲದ ಸಕ್ಕರೆ ಗಿಳಿ ಮಾಡಿದ. ಅಚ್ಚುಗಳ ಚೀಲವನ್ನೂ ಹೆಗಲಿಗೆ ಹಾಕಿಕೊಂಡ.

"ಸಂಜೆ ಹೊತ್ತು ಮುಳುಗುವಾಗ ಬಿಸಿ ಹಾಲಿನ ಜೊತೆ ಇವನನ್ನ ತಿಂತೀನಿ," ಎಂದು ಹೇಳಿ ಹಾರಿಹೋದ.

ಚೆನ್ನಬ್ಬೆ ಅರಮನೆಗೆ ಓಡಿದಳು. ರಾಜನಿಗೆ ಸರಿಯಾಗಿ ಅದೇ ಹೊತ್ತಿಗೆ ತಲೆನೋವು ಬಂದಿತ್ತು. ಸೇನಾಪತಿಗೆ ಹೊಟ್ಟೆನೋವು. ಅವಳು ಮನೆಗೆ ಬಂದು ಬಿಕ್ಕಿಬಿಕ್ಕಿ ಅತ್ತಳು. ಆಮೇಲೆ ಮುಖ ತೊಳೆದು, ಬಟ್ಟಲು ತುಂಬ ಎಳ್ಳುಬೆಲ್ಲ ಹಾಕಿಕೊಂಡು ಗುಡ್ಡ ಹತ್ತಿದಳು.

"ಹಬ್ಬದ ಎಳ್ಳು ತಂದಿದ್ದೀನಿ ಸ್ವಾಮಿ," ಎಂದಳು.

ಬೂದಿಜಟನಿಗೆ ಜನ್ಮದಲ್ಲಿ ಯಾರೂ ಎಳ್ಳು ಕೊಟ್ಟಿರಲಿಲ್ಲ. ಅನುಮಾನದಿಂದ ಮೂಸಿ ನೋಡಿದ, ಒಂದು ಚೂರು ತಿಂದ, ಆಮೇಲೆ ಇಡೀ ಬಟ್ಟಲನ್ನೇ ಬಾಯಿಗೆ ಸುರಿದುಕೊಂಡ. ಅದು ಮುಗಿದ ಮೇಲೆ ಬಾಳೆಹಣ್ಣು ಸುಲಿದು ಬಾಯಿಗಿಟ್ಟರೆ, ಹಲ್ಲು ಕಟಕ್ಕನೆ ಕಚ್ಚಿಕೊಂಡಿತು.

"ಏ ಹುಡುಗಿ, ಏನು ಮದ್ದು ಹಾಕ್ದೆ?"

"ಮದ್ದೂ ಇಲ್ಲ, ಗಿದ್ದೂ ಇಲ್ಲ ಸ್ವಾಮಿ. ನೀವು ಕೈಯಾರೆ ಮಾಡಿದ್ದು ಏನಾದ್ರೂ ಬಟ್ಟಲಿಗೆ ಹಾಕಿ ಕೊಡ್ಬೇಕು. ಅಲ್ಲೀವರೆಗೂ ಹಾಲೂ ಇಳಿಯಲ್ಲ, ಗಿಳೀನೂ ಇಳಿಯಲ್ಲ."

ಬೂದಿಜಟ ಹಹ್ಹಹ್ಹಾ ಎಂದು ನಕ್ಕ. ಅಂಗಳದ ಒಂದು ಹಿಡಿ ಜಲ್ಲಿಗೆ ಮಂತ್ರ ಹಾಕಿ ಚಿನ್ನದ ಉಂಡೆ ಮಾಡಿದ. ಬಟ್ಟಲಿಗೆ ಬಿದ್ದ ಕ್ಷಣವೇ ಚಿನ್ನ ಮತ್ತೆ ಜಲ್ಲಿಯಾಯಿತು.

"ಮಾಯದ್ದು ನಡೆಯಲ್ಲ ಸ್ವಾಮಿ," ಎಂದಳು ಚೆನ್ನಬ್ಬೆ.

ಎರಡನೆಯ ಸಲ ಅವನು ತನ್ನ ಆಳು ಬೇತಾಳನನ್ನು ಕರೆದು ಚಕ್ಕುಲಿ ಮಾಡಿಸಿದ. ಬಟ್ಟಲು ತಾನೇ ಮಗುಚಿಕೊಂಡು ಚಕ್ಕುಲಿಯನ್ನು ನೆಲಕ್ಕೆ ಚೆಲ್ಲಿತು.

"ಇನ್ನೊಬ್ಬರ ಕೈದೂ ನಡೆಯಲ್ಲ ಸ್ವಾಮಿ," ಎಂದಳು. ಅಷ್ಟು ಕಷ್ಟಪಟ್ಟು ಒತ್ತಿದ್ದ ಬೇತಾಳ ಮುಖ ಊದಿಸಿಕೊಂಡು ಮೂಲೆಗೆ ಹೋದ.

ಹೊತ್ತು ಇಳಿಯುತ್ತಿತ್ತು. ಬೂದಿಜಟನ ಹೊಟ್ಟೆ ತಾಳ ಹಾಕುತ್ತಿತ್ತು. "ನೀನೇ ನನಗೆ ಅಚ್ಚು ಎರೆಯೋದು ಕಲಿಸು. ಇಲ್ಲಾಂದ್ರೆ ನಿನ್ನನ್ನೂ ಸಕ್ಕರೆ ಕೋಳಿ ಮಾಡ್ತೀನಿ," ಎಂದು ಗುಡುಗಿದ.

ಚೆನ್ನಬ್ಬೆ ಯೋಚಿಸಿದಳು. ಕಲಿಸಿದರೆ ತಮ್ಮ ಇವನ ಹೊಟ್ಟೆಗೆ ಹೋಗುತ್ತಾನೆ. ಕಲಿಸದಿದ್ದರೆ ತಾನೂ ಸಕ್ಕರೆಯಾಗಿ, ತಮ್ಮನನ್ನು ಬಿಡಿಸಲು ಯಾರೂ ಇರುವುದಿಲ್ಲ. ಗೋಡೆಯ ಗೂಡಿನಲ್ಲಿ ಕೂತ ಪುಟ್ಟ ಬಿಳಿ ಗಿಳಿಯನ್ನು ಒಮ್ಮೆ ನೋಡಿದಳು. ಆದಷ್ಟು ನಿಧಾನವಾಗಿ ಕಲಿಸೋಣ ಎಂದುಕೊಂಡು ಒಲೆ ಹಚ್ಚಿದಳು.

ಬೂದಿಜಟ ಮಲ್ಲಣನ ಚೀಲದಿಂದ ಆನೆಯ ಅಚ್ಚನ್ನು ಆರಿಸಿ ನೀರಿನಲ್ಲಿ ನೆನೆಹಾಕಿದ. ಮೊದಲ ಪಾಕ ಸೀದುಹೋಯಿತು. ಎರಡನೆಯ ಪಾಕಕ್ಕೆ ಗಡ್ಡ ಬಿತ್ತು. ಮೂರನೆಯದಕ್ಕೆ ಹಾಲು ಹಾಕಿ ಕೊಳೆ ತೆಗೆದು, ಸೋಸಿ, ನಾಲಗೆ ಹೊರಗೆ ಚಾಚಿಕೊಂಡು ತಿರುವಿದ. ತಿರುವಿ ತಿರುವಿ ತೋಳು ಬಿದ್ದುಹೋಯಿತು. ಏಳು ಸಮುದ್ರ ಬತ್ತಿಸಿದವನಿಗೆ ಒಂದು ಬಾಣಲೆ ಸಕ್ಕರೆ ಬೆವರಿಳಿಸಿತು. ಕೊನೆಗೂ ಪಾಕ ಬೆಳ್ಳಗಾಯಿತು. ಅಚ್ಚಿಗೆ ಎರೆದು, ಆರಿಸಿ, ಬಿಚ್ಚಿದ.

ಆನೆಗೆ ಒಂದು ಕಿವಿ ಇರಲಿಲ್ಲ. ಸೊಂಡಿಲು ಅರ್ಧಕ್ಕೇ ನಿಂತಿತ್ತು. ನೋಡಿದವರು ಹಂದಿಮರಿ ಎನ್ನಬೇಕು, ಹಾಗಿತ್ತು. ಬೂದಿಜಟ ಅದನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದ.

"ಇದನ್ನ ನಾನೇ ಮಾಡಿದ್ನಾ?"

"ನೀವೇ ಸ್ವಾಮಿ."

"ಮಂತ್ರ ಹಾಕದೇನೇ?"

"ಮಂತ್ರ ಹಾಕಿದ್ರೆ ಇನ್ನೂ ಸ್ವಲ್ಪ ಚೆನ್ನಾಗಿರ್ತಿತ್ತು ಸ್ವಾಮಿ."

ಅವನು ಬೇತಾಳನನ್ನು ಕರೆದು ತೋರಿಸಿದ. ಹದ್ದನ್ನು ಕರೆದು ತೋರಿಸಿದ. "ಇವನ ಹೆಸರು ಗುಂಡಣ್ಣ," ಎಂದ. ಅವನ ಕಣ್ಣಲ್ಲಿ ನೀರು ಬಂತು.

ಚೆನ್ನಬ್ಬೆ ಅದನ್ನು ಗಮನಿಸಿದಳು. ಸೂರ್ಯ ಆಗಲೇ ಗುಡ್ಡದ ಅಂಚಿಗೆ ಬಂದಿದ್ದ. "ಬೇಗ ಬಟ್ಟಲಿಗೆ ಹಾಕಿ ಸ್ವಾಮಿ. ನಂಗೂ ಹಸಿವು. ದಾರೀಲಿ ಗುಂಡಣ್ಣನ ಸೊಂಡಿಲು ಕಡಿದುಕೊಂಡು ಹೋಗ್ತೀನಿ," ಎಂದಳು.

ಬೂದಿಜಟ ಆನೆಯನ್ನು ಎದೆಗವಚಿಕೊಂಡ. "ಇವನನ್ನ ತಿಂತೀಯಾ? ನೀನು ಹೆಣ್ಣೋ, ರಾಕ್ಷಸಿಯೋ?"

"ಅಚ್ಚು ಮಾಡೋದೇ ತಿನ್ನೋಕೆ ತಾನೆ. ಕೊಡಿ, ಕೊಡಿ," ಎಂದು ಅವಳು ಬಟ್ಟಲು ಹಿಡಿದು ಮುಂದೆ ಬಂದಳು.

ಅವನು ಹಿಂದೆ ಹಿಂದೆ ಸರಿದು ಗೋಡೆಗೆ ಒತ್ತಿಕೊಂಡ. ಹಸಿವು ಬೇರೆ, ಗಾಬರಿ ಬೇರೆ. ಅತ್ತಿತ್ತ ನೋಡಿ, ಗೂಡಿನಿಂದ ಸಕ್ಕರೆ ಗಿಳಿಯನ್ನು ಬಾಚಿಕೊಂಡ. "ತಗೋ, ಇದನ್ನ ತಗೊಂಡು ತೊಲಗು. ನನ್ನ ಗುಂಡಣ್ಣನ ತಂಟೆಗೆ ಬರಬೇಡ," ಎಂದು ಬಟ್ಟಲಿಗೆ ಎಸೆದ.

ಮಾಯದ್ದು ಬಟ್ಟಲಿಗೆ ಬಿದ್ದರೆ ಏನಾಗುತ್ತದೆ ಎಂಬುದನ್ನು ಅವನು ಮರೆತೇಬಿಟ್ಟಿದ್ದ. ಬಟ್ಟಲು ಭಾರವಾಗಿ ಚೆನ್ನಬ್ಬೆಯ ಕೈಜಾರಿತು. ಅದರಲ್ಲಿ ಒಂದು ಕಾಲಿಟ್ಟುಕೊಂಡು ಮಲ್ಲಣ ನಿಂತಿದ್ದ.

"ಅಕ್ಕಾ, ಮೈಯೆಲ್ಲ ಅಂಟಂಟು," ಎಂದ.

ಅವಳು ತಮ್ಮನನ್ನು ತಬ್ಬಿಕೊಂಡು ಅತ್ತಳು. ಆಮೇಲೆ ಬೆನ್ನಿಗೆ ಎರಡು ಬಿಟ್ಟಳು.

ಬೂದಿಜಟ ಬಿಸಿ ಹಾಲು ಕುಡಿಯಲು ನೋಡಿದ. ಹಲ್ಲು ಇನ್ನೂ ಬಿಚ್ಚಲಿಲ್ಲ. ಕುಸಿದು ಕೂತು ಮಗುವಿನ ಹಾಗೆ ಅಳತೊಡಗಿದ. ಚೆನ್ನಬ್ಬೆಗೆ ಪಾಪ ಅನ್ನಿಸಿತು. "ಇನ್ನು ಯಾರಿಗೂ ಮಂತ್ರ ಹಾಕಲ್ಲ ಅಂತ ಆಣೆ ಮಾಡಿ ಸ್ವಾಮಿ. ಗುಂಡಣ್ಣನ್ನ ನಾವು ತಿನ್ನಲ್ಲ, ಮನೇಲಿ ಇಟ್ಟುಕೊಳ್ತೀವಿ. ನೀವು ಬಂದು ನೋಡಿಕೊಂಡು ಹೋಗಿ," ಎಂದಳು. ಅವನು ಆಣೆ ಮಾಡಿ, ಆನೆಗೆ ಮುತ್ತಿಟ್ಟು, ಅದನ್ನು ಬಟ್ಟಲಿಗೆ ಹಾಕಿದ. ಆಮೇಲೆ ಮೂರು ಚೊಂಬು ಹಾಲು ಕುಡಿದ.

ಏಳುಕೆರೆಯ ಜನ ಸುಖವಾಗಿದ್ದರು, ಅಕ್ಕ ತಮ್ಮ ಇನ್ನೂ ಸುಖವಾಗಿದ್ದರು. ಮರುವರ್ಷದ ಸಂಕ್ರಾಂತಿಗೆ ಊರವರೆಲ್ಲ ಬೂದಿಜಟನಿಗೂ ಎಳ್ಳು ಕೊಟ್ಟರು. ಕರಿಗುಡ್ಡಕ್ಕೆ ನಾನೂರು ಬಟ್ಟಲು ಹೋಯಿತು. ನಾನೂರನ್ನೂ ಅವನು ಕೈಯಾರೆ ಮಾಡಿ ತುಂಬಿ ಕಳಿಸಬೇಕಾಯಿತು. ಅಂದಿನಿಂದ ಹಬ್ಬಕ್ಕೆ ಮೂರು ತಿಂಗಳು ಮುಂಚೆಯೇ ಅವನು ಬೆರಳಿಗೆ ಬಟ್ಟೆ ಸುತ್ತಿಕೊಂಡು ಕೊಬ್ಬರಿ ಹೆಚ್ಚಲು ಕೂರುತ್ತಾನೆ. ಮಂತ್ರಗಳೆಲ್ಲ ಮರೆತುಹೋಗಿವೆ. ಯಾವುದಾದರೊಂದು ನೆನಪಾದರೂ, ಹೇಳಲು ಅವನಿಗೆ ಪುರುಸೊತ್ತಿಲ್ಲ.