ಹತ್ತೊಂಬತ್ತು ಜನ ಬರೆದ ಪರೀಕ್ಷೆ

ನೋಟಿಸ್ ಬೋರ್ಡಿನಿಂದ ಸಾಜಿಯಾ ನನ್ನತ್ತ ತಿರುಗಿದಾಗ ಅವಳ ಕಣ್ಣಲ್ಲಿ ನೀರಿರಲಿಲ್ಲ, ಸಿಟ್ಟಿತ್ತು. ಅದಕ್ಕೇ ನನಗೆ ಹೆಚ್ಚು ಭಯವಾಯಿತು.

“ಪರೀಕ್ಷೆ ದಿನ ಜ್ವರ ಬಂದಿತ್ತಂತ?”

“ಹೂಂ.”

“ಸುಳ್ಳ ಹೇಳಬ್ಯಾಡ ನಯಾಜ. ಬ್ಯಾಡಗಿ ಬಸ್ ಸ್ಟ್ಯಾಂಡಿನ್ಯಾಗ ಚಹಾ ಕುಡಿಯಾಕತ್ತಿದ್ದಿ. ಪರೀಕ್ಷೆಗೆ ಬರೋವಾಗ ರೋಹಿಣಿ ನೋಡ್ಯಾಳ.”

ಹಾವೇರಿಯ ಸಂಜೆ ಕಾಲೇಜಿನಲ್ಲಿ ಎಂ.ಎ. ಅರ್ಥಶಾಸ್ತ್ರಕ್ಕೆ ನಾವು ಇಪ್ಪತ್ತು ಜನ. ಅಂಕ ಎಷ್ಟೇ ಬರಲಿ, ‘ಎ’ ಗ್ರೇಡ್ ಮೇಲಿನ ಇಬ್ಬರಿಗೆ ಮಾತ್ರ. ರೋಹಿಣಿ ಯಾವಾಗಲೂ ಮೊದಲು. ಎರಡನೆಯವನು ನಾನು, ಸಾಜಿಯಾ ಮೂರನೆಯವಳು ಎಂದುಕೊಂಡಿದ್ದೆ. “ಎ ಬಂದ್ರ ಪಿಎಚ್.ಡಿ. ಮಾಡು, ಇಲ್ಲಾಂದ್ರ ಗುತ್ತಲದ ಸಂಬಂಧಕ್ಕ ಹೂಂ ಅಂತೀನಿ” ಎಂದು ಅವಳ ಅಬ್ಬಾ ಫಕ್ಕೀರಸಾಬ ಹೇಳಿಬಿಟ್ಟಿದ್ದರು.

“ನಿನಗ ಜಾಗಾ ಬಿಟ್ಟೆ,” ಎಂದೆ.

“ಬಿಡಾಕ ಇದೇನು ಬಸ್ಸಿನ ಸೀಟಾ?” ಅವಳು ಬೋರ್ಡಿಗೆ ಬೆರಳು ಬಡಿದಳು. “ಬರೆದವರೊಳಗ ಹತ್ತು ಮಂದಿಗೆ ಒಂದ ಎ. ನೀ ಬರಲಿಲ್ಲ, ಹತ್ತೊಂಬತ್ತಾತು. ಇದ್ದ ಒಂದ ಎ ರೋಹಿಣಿಗೆ ಹೋತು. ನಾ ಎರಡನೇದಾಕಿ. ನನಗ ಬಿ.”

ಎರಡು ವರ್ಷ ಅರ್ಥಶಾಸ್ತ್ರ ಓದಿದವನು ನಾನು. ಲೆಕ್ಕದಿಂದ ನನ್ನನ್ನೇ ಕಳೆಯುವುದನ್ನು ಮರೆತಿದ್ದೆ.

“ನೀ ಬರೆದಿದ್ರ ಎರಡು ಎ ಇರ್ತಿದ್ದವು. ನಿನ್ನ ಹಿಂದ ಹಾಕಿ ಒಂದು ನಾ ತಗೋತಿದ್ದೆ. ಆಗೂದಿಲ್ಲ ಅಂತ ನಿನಗ ಯಾರು ಹೇಳಿದ್ರು?”

ಯಾರೂ ಹೇಳಿರಲಿಲ್ಲ. ತ್ಯಾಗ ಎಂದುಕೊಂಡು, ಅವಳು ನನಗಿಂತ ಕಡಿಮೆ ಎಂದು ನಾನೇ ತೀರ್ಮಾನಿಸಿದ್ದೆ.

“ನಿನ್ನ ಮ್ಯಾಲೆ ಮನಸೈತಿ ಸಾಜಿಯಾ. ಅದಕ್ಕ...”

“ಗೊತ್ತೈತಿ.” ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಸ್ವಲ್ಪ ಹೊತ್ತು ನನ್ನ ಅಂಗಿಯ ಗುಂಡಿಯನ್ನೇ ನೋಡಿದಳು, ಆಮೇಲೆ ನನ್ನನ್ನು. “ನನಗೂ ಐತಿ. ಇಲ್ಲಾಂದ್ರ ಇಷ್ಟು ಸಿಟ್ಟು ಯಾಕ ಬರ್ತಿತ್ತು?”

ಅವಳ ಊರಿನ ಕರ್ಜಗಿ ಬಸ್ಸಿಗೆ ಹೊತ್ತಾಗಿತ್ತು.

“ಮುಂದಿನ ಬ್ಯಾಚಿನವರ ಜೋಡಿ ಮತ್ತ ಬರಿತೀನಿ, ಆರು ತಿಂಗಳ ತಡೀರಿ ಅಂತ ಅಬ್ಬಾಗ ಕೇಳ್ತೀನಿ. ಒಪ್ತಾರೋ ಇಲ್ಲೋ.”

“ನಾನೂ ಬಂದು ಹೇಳ್ಲೇನು?”

“ಬ್ಯಾಡ. ನನ್ನ ಕೇಳದ ನನಗಾಗಿ ಇನ್ನ ಏನೂ ಮಾಡಬ್ಯಾಡ.” ನಾಲ್ಕು ಹೆಜ್ಜೆ ಹೋಗಿ ನಿಂತಳು. “ಪರೀಕ್ಷೆಗೆ ಮಾತ್ರ ಬಾ. ಛಲೋತ್ನ್ಯಾಗ ಬರಿ. ನೀ ಎದುರಿಗಿಲ್ಲಾಂದ್ರ ನಾ ಯಾರ್ನ ಸೋಲಿಸ್ಲಿ?”

ಅವಳು ಹೋದಮೇಲೆ ಆಫೀಸಿನ ಕಿಟಕಿಗೆ ಹೋದೆ. ಮರುಪರೀಕ್ಷೆಯ ಅರ್ಜಿ ಎರಡು ಕೊಡ್ರಿ ಎಂದು ಕೇಳಲು ಬಾಯಿ ತೆರೆದವನು, ತಡೆದು, ಒಂದೇ ಕೇಳಿದೆ.